ಇಳಿದು ಬಾರದ ದೇವರು: ಥಾಣೆಯಲ್ಲಿ ‘ಗೊಲ್ಗೊಥಾ’ದ ಓದು

ಕ್ರೈಸ್ತ ಶ್ರದ್ಧೆಯಲ್ಲಿ ನೋವಿನ ನಡುವೆಯೇ ಭರವಸೆ ಹುಟ್ಟುವ ಬಗೆಯನ್ನು ಕನ್ನಡ ಕಾವ್ಯದಲ್ಲಿ ಅರಸಹೊರಟರೆ ಮಂಜೇಶ್ವರದ ಗೋವಿಂದ ಪೈಯವರ ‘ಗೊಲ್ಗೊಥಾ’ ಖಂಡಕಾವ್ಯ ಮೊದಲು ಎದುರಾಗುತ್ತದೆ. ಬುದ್ಧನ ಕಡೆಯ ದಿನವನ್ನು ಕುರಿತ ‘ವೈಶಾಖಿ’ಯೊಡನೆ ಅದನ್ನು ಜೋಡಿಸಿ, ಮಹಾಪುರುಷರ ಅವಸಾನವನ್ನು ಚಿತ್ರಿಸುವ ಕೃತಿಯೆಂದು ವಿವರಿಸುವುದು ವಾಡಿಕೆ. ಈ ವಿವರಣೆ ತಪ್ಪಲ್ಲ, ಆದರೆ ಸಾಲದು ಎಂಬುದು ನಮ್ಮ ಅಭಿಪ್ರಾಯ. ಹಾಗೆ ಓದಿದಾಗ ಶಿಲುಬೆಯು ಒಂದು ಉದಾತ್ತ ಮರಣ ಮಾತ್ರವಾಗುತ್ತದೆ. ಅದನ್ನು ನಂಬಿ ಬದುಕುವವನಿಗೆ ಅದರಿಂದ ದೊರೆಯುವುದೇನು ಎಂಬ ಪ್ರಶ್ನೆ ಹೊರಗೇ ಉಳಿಯುತ್ತದೆ.

ಈ ಪ್ರಶ್ನೆಯನ್ನು ಥಾಣೆಯಲ್ಲಿ ನಿಂತು ಕೇಳುವುದಕ್ಕೆ ಕಾರಣವುಂಟು. 1321ರಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಇದೇ ಊರಿನಲ್ಲಿ ಹತರಾದರು. ತರುವಾಯ ಇಲ್ಲಿಗೆ ಬಂದ ಅದೇ ಪಂಥದ ಪ್ರವಾಸಿ ಒಡೊರಿಕನು ಅವರ ಅಸ್ಥಿಗಳನ್ನು ಚೀನದವರೆಗೂ ಒಯ್ದನು; ಆ ವೃತ್ತಾಂತವನ್ನು 1330ರಲ್ಲಿ ಬರೆಯಿಸಿದನು. ಅವನ ಕಥನದಲ್ಲಿ ಯಾಕೋಬನೆಂಬ ಸಂನ್ಯಾಸಿಯನ್ನು ಬೆಂಕಿಗೆ ನೂಕುತ್ತಾರೆ, ಬೆಂಕಿ ಸುಡುವುದಿಲ್ಲ. ಕನ್ನಡ ಓದುಗನಿಗೆ ಇಲ್ಲಿ ಪ್ರಹ್ಲಾದನು ನೆನಪಾಗದೆ ಇರಲಾರನು. ರಾಘವಾಂಕನ ಹರಿಶ್ಚಂದ್ರನೂ ಸರ್ವಸ್ವವನ್ನು ಕಳೆದುಕೊಂಡು ಸುಡುಗಾಡು ಕಾಯುತ್ತಾನೆ. ಹೆಂಡತಿಯ ಮೇಲೆಯೇ ಕತ್ತಿ ಎತ್ತಬೇಕಾದ ಗಳಿಗೆಯಲ್ಲಿ ಶಿವನು ಮೈದೋರುತ್ತಾನೆ, ಸತ್ತ ಮಗ ಏಳುತ್ತಾನೆ. ನೋವಿನ ಕೊನೆಗೆ ಬಿಡುಗಡೆ ಬಂದೇ ಬರುತ್ತದೆಂಬ ನಿರೀಕ್ಷೆಯಲ್ಲಿ ನಮ್ಮ ಓದು ಪಳಗಿದೆ. ಆದರೆ ಒಡೊರಿಕನ ಕಥನ ಪವಾಡದಲ್ಲಿ ಮುಗಿಯುವುದಿಲ್ಲ. ಬೆಂಕಿಯಿಂದ ಪಾರಾದವನನ್ನು ಕತ್ತಿ ಕೊಲ್ಲುತ್ತದೆ.

ಸುವಾರ್ತೆಗಳು ಇನ್ನೂ ಕಠಿನ. ಶಿಲುಬೆಯಿಂದ ಇಳಿದು ಬಾ ಎಂದು ನೆರೆದವರು ಅಣಕಿಸುತ್ತಾರೆ, ಯೇಸು ಇಳಿಯುವುದಿಲ್ಲ. ದೇವರು ತನ್ನನ್ನು ಕೈಬಿಟ್ಟನೇಕೆ ಎಂಬ ಅವನ ಕೂಗನ್ನು ಮಾರ್ಕನೂ ಮತ್ತಾಯನೂ ಮುಚ್ಚಿಡುವುದಿಲ್ಲ. ಅದು 22ನೆಯ ಕೀರ್ತನೆಯ ಮೊದಲ ಮಾತು. ಆ ಕೀರ್ತನೆ ಸ್ತುತಿಯಲ್ಲಿ ಮುಗಿಯುತ್ತದೆಂಬುದನ್ನು ಬಲ್ಲವನಿಗೆ ಮಾತ್ರ ಆ ಕೂಗಿನಲ್ಲಿ ಭರವಸೆಯೂ ಕೇಳಿಸುತ್ತದೆ. ಗೋವಿಂದ ಪೈಯವರು ಆರಿಸಿಕೊಂಡದ್ದು ಕಡೆಯ ದಿನವನ್ನು. ಮೂರನೆಯ ದಿನದ ಪುನರುತ್ಥಾನ ಆ ಮೇರೆಯ ಆಚೆಗಿದೆ. ಭಕ್ತನೊಬ್ಬನಿಗೆ ಇದು ಕೊರತೆಯೆಂದು ತೋರಬಹುದು. ನಮಗೆ ಹಾಗೆನಿಸುವುದಿಲ್ಲ. ಕವಿ ಓದುಗನನ್ನು ಶುಕ್ರವಾರದಲ್ಲಿಯೇ ನಿಲ್ಲಿಸುತ್ತಾರೆ. ಭಾನುವಾರವನ್ನು ಓದುಗನು ತನ್ನ ನಂಬಿಕೆಯಿಂದಲೇ ತರಬೇಕು. ವಾಸಿಯಾಗದ ಬೇನೆಯವನಿಗೆ, ಮಗುವನ್ನು ಮಣ್ಣುಮಾಡಿ ಬಂದ ತಾಯಿಗೆ ಹರಿಶ್ಚಂದ್ರನ ಮುಕ್ತಾಯ ಎಟುಕದ ಮಾತು. ಇಳಿದು ಬಾರದ ದೇವರು ಅವರಿಗೆ ಹತ್ತಿರದವನು.

ಕ್ರೈಸ್ತ ಕನ್ನಡವೆಂದೊಡನೆ ಕಿಟೆಲ್ಲರ 1894ರ ನಿಘಂಟನ್ನು ಸ್ಮರಿಸಿ ಮುಂದೆ ಸಾಗುವುದು ನಮ್ಮ ವಿಚಾರಸಂಕಿರಣಗಳ ರೂಢಿ. ಯೇಸುವಿನ ಚರಿತೆಯನ್ನು ಭಾರತೀಯ ಛಂದಸ್ಸಿನಲ್ಲಿ ಹೇಳಿದ ಅವರ ‘ಕಥಾಮಾಲೆ’ಯನ್ನು (1862) ತೆರೆಯುವವರು ವಿರಳ. ಕೋಶವನ್ನು ಪಡೆದುಕೊಂಡು ಶ್ರದ್ಧೆಯನ್ನು ಬಿಟ್ಟುಕೊಟ್ಟೆವೇನೋ.

ಥಾಣೆ, ಕಲ್ಯಾಣ, ಡೊಂಬಿವಲಿ, ನವಿಮುಂಬಯಿಗಳಲ್ಲಿ ನೆಲೆಸಿದ ದಕ್ಷಿಣ ಕನ್ನಡ, ಕಾಸರಗೋಡುಗಳ ಕ್ರೈಸ್ತರಲ್ಲಿ ಬಹಳ ಮಂದಿಗೆ ಮನೆಮಾತು ಕೊಂಕಣಿ; ಪೂಜೆ ಕೊಂಕಣಿ, ಇಂಗ್ಲಿಷ್ ಅಥವಾ ಮರಾಠಿಯಲ್ಲಿ; ಕನ್ನಡ ಊರಿನ ಶಾಲೆಯಿಂದ ಬಂದದ್ದು. ಗೋವಿಂದ ಪೈಯವರ ಮನೆಮಾತೂ ಕೊಂಕಣಿಯೇ. ಸಂಜೆಯ ಲೋಕಲ್ ರೈಲಿನಿಂದ ಇಳಿದು ಶುಭ ಶುಕ್ರವಾರದ ಆರಾಧನೆಗೆ ಹೋಗುವ ಅಂಥವರೊಬ್ಬರ ಕೈಗೆ ಈ ಕಾವ್ಯವನ್ನು ಪಠ್ಯವಾಗಿ ಅಲ್ಲದೆ ಕೊಟ್ಟವರು ನಮ್ಮಲ್ಲಿ ಯಾರಿದ್ದಾರೆ?