ಅಳೆದ ಮೇಲೆ ಮಾಡಬೇಕಾದುದು
(ಬಿನೆ–ಕಾಮತ್ ಬುದ್ಧಿಪರೀಕ್ಷೆಯ ಒಂದು ವಿವೇಚನೆ)

ಓದಿನಲ್ಲಿ ಹಿಂದುಳಿದ ಮಗುವನ್ನು ‘ದಡ್ಡ’ ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ; ಅದು ಏಕೆ ಹಿಂದುಳಿಯಿತೆಂದು ವಿಚಾರಿಸುವುದು ಕಷ್ಟ. ಈ ಕಷ್ಟದ ಕಾರ್ಯವೇ ಶಾಲಾ ಮನೋವಿಜ್ಞಾನಿಯದು. ಆ ಶಾಸ್ತ್ರವು ಕನ್ನಡ ಮಕ್ಕಳ ಬಳಿಗೆ ಬಂದ ಆರಂಭದ ದಾರಿಗಳಲ್ಲಿ ವಿ. ವಿ. ಕಾಮತರ ಬುದ್ಧಿಪರೀಕ್ಷೆಯೂ ಒಂದು. ಬೌದ್ಧಿಕ ನ್ಯೂನತೆಯ ಪ್ರಮಾಣಪತ್ರಕ್ಕಾಗಿ ಮಕ್ಕಳನ್ನು ಪರೀಕ್ಷಿಸುವಲ್ಲಿ ದಶಕಗಳ ಕಾಲ ಬಳಕೆಯಾದ ಈ ಅಳತೆಗೋಲಿನ ಗುಣದೋಷಗಳನ್ನು ವಿವೇಚಿಸುವುದು ಅಪ್ರಸ್ತುತವಾಗಲಾರದು.

ಇದರ ಮೂಲ ಫ್ರಾನ್ಸ್ ದೇಶದಲ್ಲಿದೆ. 1905ರಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ ಇವರು ಪ್ಯಾರಿಸಿನ ಶಾಲೆಗಳಲ್ಲಿ ವಿಶೇಷ ಬೋಧನೆಯ ಅಗತ್ಯವುಳ್ಳ ಮಕ್ಕಳನ್ನು ಗುರುತಿಸಲು ಮೊದಲ ಪರೀಕ್ಷೆಯನ್ನು ರಚಿಸಿದರು. ಬುದ್ಧಿಯು ಹುಟ್ಟಿನಿಂದಲೇ ಗೊತ್ತಾಗಿಬಿಟ್ಟ ಪ್ರಮಾಣವೆಂಬ ಮತವನ್ನು ಬಿನೆ ಒಪ್ಪಲಿಲ್ಲ. ತಕ್ಕ ಅಭ್ಯಾಸದಿಂದ ಅದು ಬೆಳೆಯುತ್ತದೆಂದೇ ಅವರ ನಂಬಿಕೆ. 1916ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಟರ್ಮನ್ ಅದನ್ನು ವಿಸ್ತರಿಸಿ, ಬುದ್ಧಿಲಬ್ಧವೆಂಬ ಅಂಕಿಯನ್ನು ಪ್ರಚುರಪಡಿಸಿದರು. ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸುವುದೇ ಅದರ ಲೆಕ್ಕ. 10 ವರ್ಷದ ಮಗು 7 ವರ್ಷದವರಿಗೆ ಸಾಧ್ಯವಾದಷ್ಟೇ ಮಾಡಿದರೆ ಅದರ ಅಂಕಿ 70. ಹೀಗೆ ನೆರವಿಗಾಗಿ ಹುಟ್ಟಿದ ಸಾಧನವು ಕ್ರಮೇಣ ಮಕ್ಕಳನ್ನು ಮೇಲು–ಕೀಳೆಂದು ಸಾಲುಗಟ್ಟಿಸುವ ಸಾಧನವಾಯಿತು.

ಕಾಮತರ ಹಿರಿಮೆ ಬೇರೆಯಾದುದು. ಪರದೇಶದ ಅಳತೆಗೋಲನ್ನು ಅವರು ಹಾಗೆಯೇ ಎತ್ತಿತಂದು ನಮ್ಮ ಮಕ್ಕಳ ಮೇಲೆ ಹೇರಲಿಲ್ಲ. ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳ ಮೇಲೆ ಪ್ರಯೋಗಿಸಿ, ಪರಿಷ್ಕರಿಸಿ, 1934ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. 1940ರಲ್ಲಿ ಅದು ಗ್ರಂಥರೂಪ ತಾಳಿತು. ಮಗುವನ್ನು ಅರಿಯಬೇಕಾದರೆ ಅದರ ಮಾತಿನಲ್ಲಿಯೇ ಪ್ರಶ್ನಿಸಬೇಕೆಂಬುದು ಆ ಕಾರ್ಯದ ನಿಜವಾದ ಪಾಠ. ದುರ್ದೈವದಿಂದ ಮುಂದಿನವರು ಅಂಕಿಯನ್ನು ಉಳಿಸಿಕೊಂಡು ಪಾಠವನ್ನು ಮರೆತರು.

ಈ ಪರೀಕ್ಷೆಯ ದೋಷಗಳು ಮುಖ್ಯವಾಗಿ ಎರಡು. ಮೊದಲನೆಯದು, ಅದು ಮಾತನ್ನು ಅತಿಯಾಗಿ ನೆಚ್ಚಿದೆ. ಅದು ಸಿದ್ಧವಾದಾಗ ಕೊಪ್ಪಳ ಸೀಮೆಯು ನಿಜಾಮರ ಆಳ್ವಿಕೆಯಲ್ಲಿತ್ತು. ಇಲ್ಲಿಯ ಮನೆಮಾತುಗಳಲ್ಲಿ ಕನ್ನಡದೊಡನೆ ಉರ್ದು, ತೆಲುಗು, ಲಂಬಾಣಿಗಳೂ ಇವೆ. ಪ್ರಶ್ನೆಯ ಮಾತು ತಿಳಿಯದ ಮಗು ತನ್ನ ಯೋಗ್ಯತೆಗಿಂತ ಕಡಿಮೆ ಅಂಕಿ ಪಡೆಯುವುದು ಸಹಜ. ಎರಡನೆಯದು, ಅಳತೆಗೋಲು ಹಳೆಯದಾದುದು. ತಲೆಮಾರಿನಿಂದ ತಲೆಮಾರಿಗೆ ಇಂಥ ಪರೀಕ್ಷೆಗಳಲ್ಲಿ ಮಕ್ಕಳ ಸರಾಸರಿ ಏರುತ್ತ ಬಂದುದನ್ನು ಅನೇಕ ದೇಶಗಳಲ್ಲಿ ಕಂಡಿದ್ದಾರೆ. ಆದುದರಿಂದ ಹಳೆಯ ಮಾನದಂಡವು ಅಂಕಿಯನ್ನು ಉಬ್ಬಿಸಿ ತೋರಿಸುತ್ತದೆ. ನೆರವಿಗೆ ಅರ್ಹವಾದ ಮಗು 70ರ ಗೆರೆಯನ್ನು ಹೇಗೋ ದಾಟಿ ಸೌಲಭ್ಯದಿಂದ ವಂಚಿತವಾಗುತ್ತದೆ. ಒಂದು ದೋಷ ಮಗುವನ್ನು ಕೆಳಗೆ ತಳ್ಳಿದರೆ, ಇನ್ನೊಂದು ಮೇಲಕ್ಕೆ ಎತ್ತಿ ಕೈಬಿಡುತ್ತದೆ. ಎರಡರಲ್ಲಿಯೂ ನಷ್ಟ ಮಗುವಿಗೇ.

ಅಂಕಿಯು ಸರಿಯಾಗಿದ್ದರೂ ಅದೊಂದೇ ಸಾಲದು. ಭಾಗ್ಯನಗರದಲ್ಲಿ ಮಗ್ಗದ ಸದ್ದಿನ ನಡುವೆ, ಕೂದಲು ಬಿಡಿಸುವ ಕಸುಬಿನ ನಡುವೆ ಬೆಳೆಯುವ ಮಕ್ಕಳುಂಟು. ಅಕ್ಷರ ಕೂಡಿಸಲು ತಡವರಿಸುವ ಹುಡುಗಿಯೊಬ್ಬಳು ತಾಯಿಯ ಬಳಿ ಕುಳಿತು ಎಳೆಗಳ ಉದ್ದಗಿಡ್ಡಗಳನ್ನು ನೋಟದಲ್ಲೇ ಹೇಳಬಲ್ಲವಳಾಗಿರಬಹುದು. ಕೇಳಿದ ಕಥೆಯನ್ನು ತಪ್ಪಿಲ್ಲದೆ ಒಪ್ಪಿಸಬಲ್ಲವಳಾಗಿರಬಹುದು. ಅಂಥವಳ ತೊಡಕು ಬುದ್ಧಿಯದಲ್ಲ, ಓದಿನ ಕಲಿಕೆಯದು ಮಾತ್ರ. ಇದನ್ನು ಬೇರ್ಪಡಿಸಿ ನೋಡಲೆಂದೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1991ರಲ್ಲಿ ಕಲಿಕಾ ನ್ಯೂನತೆಯ ಸೂಚಿಯೊಂದನ್ನು ರೂಪಿಸಿತು. ಅದು ಅವಧಾನ, ಓದು, ಕಾಗುಣಿತ, ಸ್ಮರಣೆ, ಗಣಿತಗಳನ್ನು ಪ್ರತ್ಯೇಕವಾಗಿ ಪರಿಶೀಲಿಸುತ್ತದೆ. ಎಲ್ಲಿ ಎಡವುತ್ತದೆಂದು ತಿಳಿದರೆ ಎಲ್ಲಿ ಕೈಹಿಡಿಯಬೇಕೆಂಬುದೂ ತಿಳಿಯುತ್ತದೆ: ಪಾಠವನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಒಡೆದು ಕಲಿಸುವುದು, ಉತ್ತರವನ್ನು ಬಾಯಿಂದ ಹೇಳಿಸುವುದು, ಬರೆಯಲು ಹೆಚ್ಚು ವೇಳೆ ಕೊಡುವುದು, ಮನೆಯವರಿಗೆ ತಿಳಿಹೇಳುವುದು.

2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 16ನೆಯ ಪ್ರಕರಣವು ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಕ್ರಮ ಕೈಗೊಳ್ಳಬೇಕೆಂದು ವಿಧಿಸುತ್ತದೆ. ತಾಲೂಕಿಗೆ ಸಂಪನ್ಮೂಲ ಶಿಕ್ಷಕರನ್ನು ಕೊಟ್ಟಿದ್ದಾರೆ. ಆದರೆ ಹತ್ತಾರು ಹಳ್ಳಿಗಳನ್ನು ಸುತ್ತುವ ಅವರಿಂದ ಪ್ರತಿ ಮಗುವಿಗೆ ಎಷ್ಟು ವೇಳೆ ದೊರೆತೀತು? ನಮ್ಮ ಹಳ್ಳಿಯ ಶಾಲೆಗಳಲ್ಲಿ ಮನೋವಿಜ್ಞಾನಿಯ ಹುದ್ದೆಯಂತೂ ಕಾಣಸಿಗದು. ಆ ಕೊರತೆ ತುಂಬುವವರೆಗೆ ಭಾರವೆಲ್ಲ ತರಗತಿಯ ಗುರುವಿನ ಮೇಲಿದೆ.

ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಕಲಿತು ಇಂದು ಶಿಕ್ಷಕರಾಗಿರುವ ಬಂಧುಗಳು ಅನೇಕರಿದ್ದಾರೆ. ಮಗುವನ್ನು ಪರೀಕ್ಷೆಗೆ ಕಳಿಸುವಾಗ ಅದಕ್ಕೆ ಏನು ಬರುತ್ತದೆ, ಏನು ಬಾರದು, ಮನೆಯಲ್ಲಿ ಯಾವ ಮಾತಾಡುತ್ತದೆ ಎಂಬ ಮೂರನ್ನು ಬರೆದು ಕಳಿಸಲಿ. ವರದಿ ಬಂದಾಗ ಅಂಕಿಯನ್ನಷ್ಟೇ ನೋಡದೆ, ‘ನಾಳೆ ತರಗತಿಯಲ್ಲಿ ನಾನೇನು ಮಾಡಬೇಕು?’ ಎಂದು ಪರೀಕ್ಷಕರನ್ನು ಕೇಳಲಿ. ಆ ಪ್ರಶ್ನೆಗೆ ಉತ್ತರವಿಲ್ಲದ ವರದಿಯು ಅಪೂರ್ಣವೆಂದೇ ತಿಳಿಯತಕ್ಕದ್ದು. ಬಿನೆಯವರು ಪರೀಕ್ಷೆಯನ್ನು ರಚಿಸಿದುದೂ ಆ ಉತ್ತರಕ್ಕಾಗಿಯೇ.