ಅನುಮಾನ ಬಂದೊಡನೆ ಹೆಪಾರಿನ್

ಬಸುರಿಗೋ ಬಾಣಂತಿಗೋ ಇದ್ದಕ್ಕಿದ್ದಂತೆ ಏದುಸಿರು ಹತ್ತಿ, ಉಸಿರೆಳೆದಾಗಲೆಲ್ಲ ಎದೆ ಚುಚ್ಚತೊಡಗಿದರೆ ವೈದ್ಯರು ಮೊದಲು ಮಾಡಬೇಕಾದದ್ದೇನು? ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜ್ 2015ರಲ್ಲಿ ಹೊರತಂದ ‘ಗ್ರೀನ್-ಟಾಪ್ ಗೈಡ್‌ಲೈನ್ 37ಬಿ’ ಕೊಡುವ ಉತ್ತರದಲ್ಲಿ ಗೊಂದಲವಿಲ್ಲ. ಪಲ್ಮನರಿ ಎಂಬಾಲಿಸಂ, ಅಂದರೆ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿರುವ ಅನುಮಾನ ಬಂದರೆ, ಬಲವಾದ ಅಡ್ಡಿಯಿಲ್ಲದಿದ್ದಲ್ಲಿ ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಶುರುಮಾಡಿ. ಆ ಕಾಯಿಲೆಯಲ್ಲವೆಂದು ಗೊತ್ತಾದ ಮೇಲೆ ನಿಲ್ಲಿಸಿ. ಈ ಕೈಪಿಡಿಯ ಶಕ್ತಿಯೆಲ್ಲ ಇರುವುದು ಈ ಸೂಚನೆಯಲ್ಲಿ.

ಹೆರಿಗೆಯಲ್ಲಿ ರಕ್ತ ಹರಿದುಹೋಗದಿರಲೆಂದು ಬಸುರಿಯ ದೇಹ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸಿಕೊಳ್ಳುತ್ತದೆ. ಬೆಳೆಯುವ ಗರ್ಭಕೋಶ ಹೊಟ್ಟೆಯೊಳಗಿನ ಸಿರೆಗಳನ್ನು ಒತ್ತುತ್ತದೆ. ಎಡಗಾಲಿನ ರಕ್ತ ಹಿಂದಿರುಗುವ ಸಿರೆಯ ಮೇಲೆ ಬಲಬದಿಯ ಅಪಧಮನಿಯೂ ಹಾದುಹೋಗುವುದರಿಂದ ಹೆಪ್ಪು ಬಹುಪಾಲು ಎಡಗಾಲಲ್ಲೇ ಕಾಣಿಸಿಕೊಳ್ಳುತ್ತದೆ, ಅಲ್ಲಿಂದ ಕಳಚಿ ಶ್ವಾಸಕೋಶಕ್ಕೆ ಸಾಗಬಹುದು. ಹೆರಿಗೆಯಾದ ಮೊದಲ ವಾರಗಳಲ್ಲಿ ಅಪಾಯ ಇನ್ನೂ ಏರುತ್ತದೆ. ಸಿಸೇರಿಯನ್ ಆದವರಲ್ಲಿ ಮತ್ತಷ್ಟು.

ಪರೀಕ್ಷೆಗಳ ಕ್ರಮವನ್ನು ಕೈಪಿಡಿ ಚೆನ್ನಾಗಿ ಜೋಡಿಸಿದೆ. ಮೊದಲು ಇಸಿಜಿ, ಎದೆಯ ಎಕ್ಸ್‌ರೇ. ಕಾಲಿನಲ್ಲಿ ಬಾವು ಅಥವಾ ನೋವಿದ್ದರೆ ಅಲ್ಲಿನ ಸಿರೆಗಳ ಡಾಪ್ಲರ್ ಸ್ಕ್ಯಾನ್. ಅಲ್ಲೇ ಹೆಪ್ಪು ಕಂಡರೆ ಎದೆಯ ಸ್ಕ್ಯಾನ್ ಬೇಕಿಲ್ಲ, ಚಿಕಿತ್ಸೆ ಎರಡಕ್ಕೂ ಒಂದೇ. ಕಾಣದಿದ್ದರೆ ಸಿ.ಟಿ. ಅಥವಾ ಶ್ವಾಸಕೋಶದ ಐಸೊಟೋಪ್ ಸ್ಕ್ಯಾನ್. ವಿಕಿರಣಕ್ಕೆ ಹೆದರಿ ಸ್ಕ್ಯಾನ್ ಬೇಡವೆನ್ನುವ ಕುಟುಂಬಗಳಿಗೆ ಹೇಳಬೇಕಾದ ಸತ್ಯವಿದು: ಶಿಶುವಿಗೆ ತಲಪುವ ವಿಕಿರಣ ತೀರಾ ಕಡಿಮೆ, ಕಾಯಿಲೆಯನ್ನು ಕಡೆಗಣಿಸಿದರೆ ತಾಯಿ ಮಗು ಇಬ್ಬರಿಗೂ ಕುತ್ತು. ಹೆಪಾರಿನ್ ಮಾಸು ದಾಟಿ ಮಗುವನ್ನು ಸೇರುವುದಿಲ್ಲ, ಅದೇ ಕೆಲಸ ಮಾಡುವ ವಾರ್ಫರಿನ್ ಸೇರುತ್ತದೆ. ಹಾಗಾಗಿ ಬಸಿರಿನಲ್ಲಿ ಹೆಪಾರಿನ್ನೇ ಸರಿ. ಬಸಿರು ಮುಗಿಯುವವರೆಗೂ, ಹೆರಿಗೆಯ ನಂತರ ಕನಿಷ್ಠ 6 ವಾರವೂ, ಒಟ್ಟಾರೆ 3 ತಿಂಗಳಿಗೆ ಕಡಿಮೆಯಾಗದಂತೆ ಚಿಕಿತ್ಸೆ ಮುಂದುವರಿಯಬೇಕು. ಹೆರಿಗೆಯ ನಂತರ ವಾರ್ಫರಿನ್‌ಗೆ ಬದಲಿಸಿದರೂ ಮೊಲೆಯೂಡಿಸಲು ಅಡ್ಡಿಯಿಲ್ಲ.

ಕೊರತೆಗಳೂ ಇವೆ. ಬಸುರಿಯಲ್ಲಿ ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ರಕ್ತಪರೀಕ್ಷೆ ಬೇಡವೆಂಬ ಸಲಹೆಯನ್ನು ಈಗ ಮರುಪರಿಶೀಲಿಸಬೇಕು. 2019ರಲ್ಲಿ ಪ್ರಕಟವಾದ ಡಚ್ ನೇತೃತ್ವದ ಅಧ್ಯಯನವೊಂದರಲ್ಲಿ ಆ ಪರೀಕ್ಷೆಯನ್ನು ರೋಗಲಕ್ಷಣಗಳ ಜೊತೆಗಿಟ್ಟು ನೋಡಿದಾಗ ಮೊದಲ ತ್ರೈಮಾಸಿಕದಲ್ಲಿ ಶೇ 65ರಷ್ಟು, ಕೊನೆಯದರಲ್ಲಿ ಶೇ 32ರಷ್ಟು ಮಹಿಳೆಯರಿಗೆ ಸಿ.ಟಿ. ತಪ್ಪಿತು.

ಅದಕ್ಕಿಂತ ದೊಡ್ಡ ಕೊರತೆ ರಕ್ತದೊತ್ತಡ ಕುಸಿದುಬಿದ್ದ ಮಹಿಳೆಯ ವಿಷಯದಲ್ಲಿದೆ. ಕೈಪಿಡಿ ಹೇಳುವುದಿಷ್ಟು: ಹಿರಿಯ ವೈದ್ಯರ ತಂಡ ಸೇರಬೇಕು, ಸಿರೆಯ ಮೂಲಕ ಹೆಪಾರಿನ್ ಕೊಡಬೇಕು, 1 ಗಂಟೆಯೊಳಗೆ ಎಕೋ ಅಥವಾ ಸಿ.ಟಿ. ಆಗಬೇಕು, ಹೆಪ್ಪು ಕರಗಿಸುವ ಔಷಧಿಯನ್ನು ಪರಿಗಣಿಸಬೇಕು. ಮಿಕ್ಕಿದ್ದು ಆಯಾ ತಂಡದ ವಿವೇಕಕ್ಕೆ. ಆದರೆ ಆ ಔಷಧಿಯಿಂದಾಗುವ ರಕ್ತಸ್ರಾವ ಹೆರಿಗೆಯ ಬೆನ್ನಿಗೇ ಕೊಟ್ಟಾಗ ಹೆಚ್ಚು. ಸಿಸೇರಿಯನ್ ಆಗಿ ಕೆಲವೇ ತಾಸುಗಳಾದ ಬಾಣಂತಿಗೆ ಕೊಡುವುದೋ, ಶಸ್ತ್ರಕ್ರಿಯೆಯಿಂದ ಹೆಪ್ಪು ತೆಗೆಯುವುದೋ ಎಂದು ನಿಮಿಷಗಳಲ್ಲಿ ತೀರ್ಮಾನಿಸಬೇಕಾದವರಿಗೆ ಇಷ್ಟು ಸಾಲದು.

ಈ ಕೈಪಿಡಿ ಆಸ್ಪತ್ರೆಯೊಳಗಿನ ತಂಡವನ್ನು ನಂಬಿ ಬರೆದದ್ದು. ನಮ್ಮ ಬಾಣಂತಿ ಇರುವುದು ಮನೆಯ ಕತ್ತಲೆ ಕೋಣೆಯಲ್ಲಿ, ಮಂಚ ಬಿಟ್ಟು ಏಳಬಾರದೆಂಬ ಕಟ್ಟುಪಾಡಿನಲ್ಲಿ, ಕೆಲವೆಡೆ ಬೇಕಾದಷ್ಟು ನೀರೂ ಇಲ್ಲದೆ. ಓಡಾಟವಿಲ್ಲದಿರುವುದೂ ದೇಹ ಒಣಗುವುದೂ ಹೆಪ್ಪಿಗೆ ದಾರಿಮಾಡುತ್ತವೆ. ಎದೆನೋವು ವಾಯುವಾಗುತ್ತದೆ, ಏದುಸಿರು ನಿಶ್ಶಕ್ತಿಯಾಗುತ್ತದೆ, ಕಾಲಿನ ಬಾವು ಬಾಣಂತಿಗೆ ಸಹಜವೆನಿಸುತ್ತದೆ. ಅನುಮಾನವೇ ಹುಟ್ಟದ ಮನೆಯಲ್ಲಿ ‘ಅನುಮಾನ ಬಂದೊಡನೆ’ ಎಂಬ ಸೂತ್ರ ಯಾರನ್ನೂ ಉಳಿಸಲಾರದು.

ಆದ್ದರಿಂದ 37ಬಿಯನ್ನು ಹಾಗೆಯೇ ತಂದು ಕಪಾಟಿನಲ್ಲಿಟ್ಟರೆ ಪ್ರಯೋಜನವಿಲ್ಲ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಬಾಣಂತಿಗೂ ಅವಳ ತಾಯಿಗೂ ಎದೆನೋವು, ಏದುಸಿರು, ಕಾಲಿನ ಬಾವು ಎಂಬ ಈ ಮೂರು ಲಕ್ಷಣಗಳನ್ನು ಬಿಡಿಸಿ ಹೇಳಬೇಕು, ತಾಯಿ ಕಾರ್ಡಿನಲ್ಲಿ ಬರೆದು ಕೊಡಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಹೆಪಾರಿನ್ ಸದಾ ಇರಬೇಕು. ರಕ್ತಸ್ರಾವದ ಭಯವಿಲ್ಲದಿದ್ದರೆ ಮೊದಲ ಡೋಸ್ ಕೊಟ್ಟೇ ದೊಡ್ಡಾಸ್ಪತ್ರೆಗೆ ಕಳಿಸುವ ಅಧಿಕಾರ ಅಲ್ಲಿನ ವೈದ್ಯರಿಗಿರಬೇಕು.