ದ್ವಂದ್ವ ಯಾರಿಗೆ, ಹುಡುಕಾಟ ಯಾರದು?

ಮನುಷ್ಯ ಸ್ವಭಾವದ ದ್ವಂದ್ವ, ಬದುಕಿನ ಅರ್ಥದ ಹುಡುಕಾಟ: ಒಂದು ಕಾದಂಬರಿ ದೊಡ್ಡದೆಂದು ಹೇಳಲು ನಮ್ಮ ವಿಮರ್ಶೆ ಬಳಸುತ್ತ ಬಂದ ಮಾತುಗಳಿವು. ನಾವು ಕೇಳಬೇಕಾದ್ದು ಇಷ್ಟೇ. ಕಾದಂಬರಿಯೊಳಗೆ ಈ ದ್ವಂದ್ವ ಯಾರ ಪಾಲಿಗೆ ಬಂದಿದೆ?

ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ 'ದಾಟು' ಬಂದದ್ದು 1973ರಲ್ಲಿ. ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದು ಬಿ. ಬಸವಲಿಂಗಪ್ಪನವರು ಹೇಳಿದ್ದೂ ಅದೇ ವರ್ಷ. ಆ ಮಾತಿಗೆ ಅವರು ಮಂತ್ರಿಗಿರಿಯನ್ನೇ ಬಿಡಬೇಕಾಯಿತು. 'ದಾಟು'ವಿಗೆ 1975ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪೂಜಾರಿಯ ಮಗಳು ಸತ್ಯಭಾಮೆ ಒಕ್ಕಲಿಗರ ಶ್ರೀನಿವಾಸನನ್ನು ಮದುವೆಯಾಗಲು ಹೊರಟೊಡನೆ ತಿರುಮಲಾಪುರದ ಜಾತಿಗೋಡೆಗಳೆಲ್ಲ ಎದ್ದು ಕಾಣುತ್ತವೆ. ಜಾತಿಯನ್ನು ಕಾದಂಬರಿಯ ನಡುಮನೆಗೆ ತಂದ ಗೌರವ ಈ ಕೃತಿಗೆ ಸಲ್ಲಬೇಕು.

ಆದರೆ ಸತ್ಯಳ ತಂದೆ ವೆಂಕಟರಮಣಯ್ಯ ಮತ್ತು ಅಸ್ಪೃಶ್ಯ ಹೆಣ್ಣು ಮಾತಂಗಿಯ ಸಂಬಂಧ ನೋಡಿ. ಅವನಿಗೆ ಪಾಪಪ್ರಜ್ಞೆ ಇದೆ, ಬುದ್ಧಿ ಕದಡುವಷ್ಟು ಸಂಕಟ ಇದೆ. "ಸಾರ್, ಮಾತಂಗಿ ಏನಂದ್ಕೊಂಡ್ಲು?" ಎಂದು ದಂಡಿಗನಹಳ್ಳಿ ಕಡೆಯ ವಿದ್ಯಾರ್ಥಿನಿಯೊಬ್ಬಳು ತರಗತಿಯಲ್ಲಿ ಕೇಳಿದಳು. ಅದಕ್ಕೆ ಕಾದಂಬರಿ ಕೊಡುವ ಉತ್ತರ ಸಾಲದು. ಮೋಹನದಾಸ ಕೆರೆ ಒಡೆಯುವ ತನಕ ಹೋಗುತ್ತಾನೆ. ಅವನ ಸಿಟ್ಟು ಕಂಡಷ್ಟು ಅವನ ಅಳುಕು ನಮಗೆ ಕಾಣುವುದಿಲ್ಲ. ಊರಿಗೆ ಅಂತರಂಗ, ಕೇರಿಗೆ ಬರೀ ಆಕ್ರೋಶ.

ಹಂಗಂತ ಕೇರಿಯವರನ್ನೆಲ್ಲ ಸಾಧುಗಳಾಗಿ ಬರೆದರೆ ಅದೂ ಸುಳ್ಳೇ. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವ ಹುಡುಕುವುದು ಕಳೆದುಹೋದ ಹುಂಜವನ್ನು. ಅವಳ ಮನೆಯವರು ಕದ್ದು ತಂದ ಕಡ್ಲೆಕಾಯನ್ನು ಬೆಂಕಿಯ ಸುತ್ತ ಕೂತು ರಾತ್ರೋರಾತ್ರಿ ತಿಂದು ಮುಗಿಸುತ್ತಾರೆ. ಪೊಲೀಸರಿಗೆ ಅದು ಕಳವು, ಆ ಮನೆಗೆ ಹಬ್ಬ. ಬೈಗುಳ, ಹಟ, ಹಸಿವು, ಅಕ್ಕರೆ ಎಲ್ಲ ಒಂದೇ ಸೂರಿನಡಿ ಇವೆ. ಮನುಷ್ಯರ ದ್ವಂದ್ವ ಅಂದರೆ ಇದೇ. ಬದುಕಿನ ಅರ್ಥವೂ ಆ ಹಂಚಿ ತಿನ್ನುವುದರಲ್ಲೇ ಇದೆ.

ಇದು ಬರೀ ಪುಸ್ತಕದ ಜಗಳವಲ್ಲ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದೇವಸ್ಥಾನದೊಳಕ್ಕೆ ಹೋದ ದಲಿತ ಹೆಣ್ಣುಮಕ್ಕಳಿಗೆ ದಂಡ ಹಾಕಿದರು. 2021ರಲ್ಲಿ ನಮ್ಮ ತಾಲ್ಲೂಕಿನ ದಿಂಡಗೂರಿನ ದಲಿತರು ಪೊಲೀಸರ ಕಾವಲಿನಲ್ಲಿ ಗುಡಿಗಳಿಗೆ ಕಾಲಿಟ್ಟರು. ಇಂಥ ಹೊತ್ತಿನಲ್ಲಿ ಊರಿನವರ ನಂಬಿಕೆ, ಭಯ, ಮುಜುಗರಗಳನ್ನು ವಿವರಿಸುವವರು ಬೇಕಾದಷ್ಟು ಜನ. ಹೊಸ್ತಿಲು ದಾಟಿದ ಹೆಣ್ಣಿಗೆ ಇದ್ದದ್ದು ಭಕ್ತಿಯೋ, ಹಟವೋ, ನಾಳೆ ಕೂಲಿ ತಪ್ಪೀತೆಂಬ ಹೆದರಿಕೆಯೋ, ಮೂರೂ ಇದ್ದವೋ? ಕೇಳುವವರು ಕಡಿಮೆ.

ಈ ಪ್ರಶ್ನೆಯನ್ನು ನಮ್ಮ ಬರಹಕ್ಕೂ ಹಾಕಿಕೊಳ್ಳಬೇಕು. ಎಡಗೈ-ಬಲಗೈ ಎಂದು ನಮ್ಮೊಳಗೇ ಇರುವ ಗೋಡೆಯ ಬಗ್ಗೆ ಎಷ್ಟು ಬರೆದಿದ್ದೇವೆ? ಮಾತಂಗಿಯ ಕತೆಯನ್ನು ನಾಳೆ ಅವಳ ಕಡೆಯಿಂದ ಬರೆಯುವವರು ಅವಳನ್ನು ಬರೀ ಬಲಿಪಶು ಮಾಡದಿರಲಿ. ಆಸೆಪಡುವ, ಲೆಕ್ಕ ಹಾಕುವ, ತಪ್ಪು ಮಾಡುವ ಹಕ್ಕೂ ಅವಳಿಗಿರಲಿ.